ನಕ್ಷೆಗೆ ಸಹಿ ಹಾಕುವವರು ಯಾರು? ಭಾರತ ಮತ್ತು ನೆರೆಯ ದೇಶಗಳಲ್ಲಿ ಆರ್ಕಿಟೆಕ್ಟ್ ವೃತ್ತಿ

ಬೆಂಗಳೂರಿನಲ್ಲಿ ಸಣ್ಣ ಸೈಟಿನಲ್ಲಿ ಮನೆ ಕಟ್ಟುವವರಿಗೆ 2024ರಲ್ಲಿ ‘ನಂಬಿಕೆ ನಕ್ಷೆ’ ಎಂಬ ವ್ಯವಸ್ಥೆ ಬಂತು. 50x80 ಅಡಿವರೆಗಿನ ಸೈಟಾದರೆ ನೋಂದಾಯಿತ ಆರ್ಕಿಟೆಕ್ಟ್ ಅಥವಾ ಇಂಜಿನಿಯರ್ ನಿಯಮದ ಪ್ರಕಾರ ನಕ್ಷೆ ಮಾಡಿ ಆನ್‌ಲೈನ್‌ನಲ್ಲಿ ಹಾಕಬಹುದು. ತಾತ್ಕಾಲಿಕ ಮಂಜೂರಾತಿಗೆ ಪಾಲಿಕೆ ಕಚೇರಿಗೆ ಅಲೆಯಬೇಕಿಲ್ಲ. ಜನರಿಗೆ ಅನುಕೂಲವೇ ಆಯಿತು. ಜೊತೆಗೆ ಇನ್ನೊಂದು ಬದಲಾವಣೆಯೂ ಆಯಿತು. ಅಲ್ಲಿಯವರೆಗೆ ಪಾಲಿಕೆಯ ಇಂಜಿನಿಯರ್ ಮೊದಲೇ ನೋಡಬೇಕಿದ್ದದ್ದರ ಭಾರ ಒಂದು ಖಾಸಗಿ ಸಹಿಯ ಮೇಲೆ ಬಿತ್ತು.

ಆ ಸಹಿ ಹಾಕುವವರು ಯಾರು? ಅವರಿಗೆ ಆ ಹಕ್ಕು ಕೊಟ್ಟವರು ಯಾರು? ಕಟ್ಟಡಕ್ಕೆ ಏನಾದರೂ ಆದರೆ ಅವರು ಎಷ್ಟಕ್ಕೆ ಹೊಣೆ? ಇವು ಬೆಂಗಳೂರಿನ ಪ್ರಶ್ನೆಗಳು ಮಾತ್ರ ಅಲ್ಲ. ಢಾಕಾ, ಕಠ್ಮಂಡು, ಕರಾಚಿ, ಕೊಲಂಬೊ ಎಲ್ಲ ಕಡೆಯೂ ಇದೇ ಚರ್ಚೆ ಇದೆ. ನಾಲ್ಕೂ ಕಡೆ ಊರು ವೇಗವಾಗಿ ಬೆಳೆಯುತ್ತಿದೆ, ಆರ್ಕಿಟೆಕ್ಟರು ಕಡಿಮೆ, ಮನೆಗಳು ಮೇಸ್ತ್ರಿಯ ಕೈಯಲ್ಲೇ ಏಳುತ್ತಿವೆ. ಹಾಗಾಗಿ ಇಡೀ ವೃತ್ತಿಯನ್ನು ಒಟ್ಟಿಗೆ ಇಟ್ಟು ನೋಡೋಣ.

ಯಾರ ಕೆಲಸ ಏನು?

30x40 ಅಡಿಯ ಒಂದು ಸೈಟು ತೆಗೆದುಕೊಳ್ಳಿ. ಅಡುಗೆಮನೆ ಎಲ್ಲಿರಬೇಕು, ಗಾಳಿ ಎಲ್ಲಿಂದ ಬಂದು ಎಲ್ಲಿ ಹೋಗಬೇಕು, ಮೆಟ್ಟಿಲು ಎಲ್ಲಿ ಬಂದರೆ ನಾಳೆ ಮೇಲಿನ ಮನೆಯನ್ನು ಬಾಡಿಗೆಗೆ ಕೊಡಲು ಅನುಕೂಲ, ಪಕ್ಕದ ಮನೆಗೆ ಎಷ್ಟು ಜಾಗ ಬಿಡಬೇಕು ಎಂದು ಯೋಚಿಸಿ ನಕ್ಷೆ ಮಾಡುವವರು ಆರ್ಕಿಟೆಕ್ಟ್. ಆ ನಕ್ಷೆಯ ಮನೆ ನಿಲ್ಲಬೇಕಾದರೆ ಪಾಯ ಎಷ್ಟು ಆಳ ಬೇಕು, ಪಿಲ್ಲರ್ ಎಷ್ಟು ದಪ್ಪ, ಕಂಬಿ ಎಷ್ಟು ಅಂತ ಲೆಕ್ಕ ಹಾಕುವವರು ಸ್ಟ್ರಕ್ಚರಲ್ ಇಂಜಿನಿಯರ್. ಎರಡನ್ನೂ ಓದಿಕೊಂಡು ಕಟ್ಟುವವರು ಮೇಸ್ತ್ರಿ, ಬಾರ್ ಬೆಂಡರ್, ಸೆಂಟ್ರಿಂಗ್‌ನವರು.

ಮೂರೂ ಬೇರೆ ಬೇರೆ ಕೆಲಸ. ನಮ್ಮಲ್ಲಿ ಆಗುವುದು ಏನೆಂದರೆ, ‘ಪ್ಲಾನ್ ಹಾಕಿಸುವುದು’ ಅಂದರೆ ಬಹಳ ಜನಕ್ಕೆ ಮಂಜೂರಾತಿಗೆ ಬೇಕಾದ ಒಂದು ಹಾಳೆ ಅಷ್ಟೆ. ಆ ಹಾಳೆ ಫೈಲಿನಲ್ಲಿ ಉಳಿಯುತ್ತದೆ. ಮನೆ ಮಾತ್ರ ಮೇಸ್ತ್ರಿಯ ಅಂದಾಜಿನ ಪ್ರಕಾರ ಏಳುತ್ತದೆ. ಚದರಕ್ಕೆ ಇಷ್ಟು ಅಂತ ಮಾತಾಡಿ ಮುಗಿಸಿದ ಕೆಲಸದಲ್ಲಿ ಲೆಕ್ಕ ಹಾಕುವವರಿಗೆ ಜಾಗವೇ ಇರುವುದಿಲ್ಲ.

ಕಾನೂನು ಕಾಯುವುದು ಹೆಸರನ್ನು

ಭಾರತದಲ್ಲಿ ಈ ವೃತ್ತಿಗೆ ಕಾನೂನು ಬಂದಿದ್ದು 1972ರಲ್ಲಿ. ಆರ್ಕಿಟೆಕ್ಟ್ಸ್ ಆಕ್ಟ್ ಎಂದು ಅದರ ಹೆಸರು. ಅದರ ಅಡಿ ಹುಟ್ಟಿದ್ದು ಕೌನ್ಸಿಲ್ ಆಫ್ ಆರ್ಕಿಟೆಕ್ಚರ್. ಐದು ವರ್ಷದ ಬಿ.ಆರ್ಕ್ ಓದಿ ಪಾಸಾದವರು ಅಲ್ಲಿ ನೋಂದಾಯಿಸಿಕೊಳ್ಳುತ್ತಾರೆ. ಹೀಗೆ ನೋಂದಾಯಿಸಿಕೊಂಡವರು ದೇಶದಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಇದ್ದಾರೆ.

ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಇಲ್ಲಿದೆ. ನೋಂದಣಿ ಇಲ್ಲದವರು ‘ಆರ್ಕಿಟೆಕ್ಟ್’ ಎಂದು ಕರೆದುಕೊಳ್ಳುವ ಹಾಗಿಲ್ಲ ಎನ್ನುತ್ತದೆ ಕಾನೂನು. ಆದರೆ ಅವರು ಕಟ್ಟಡದ ವಿನ್ಯಾಸ ಮಾಡುವ ಹಾಗೇ ಇಲ್ಲ ಎಂದು ಎಲ್ಲಿಯೂ ಹೇಳುವುದಿಲ್ಲ. ನೋಯ್ಡಾ ಪ್ರಾಧಿಕಾರದ ಒಂದು ಹುದ್ದೆಯ ವಿಚಾರ ಸುಪ್ರೀಂ ಕೋರ್ಟಿಗೆ ಹೋದಾಗ, 2020ರ ಮಾರ್ಚ್ 17ರಂದು ಕೋರ್ಟ್ ಇದನ್ನೇ ಸ್ಪಷ್ಟಪಡಿಸಿತು. ಕಾನೂನು ಕಾಯುತ್ತಿರುವುದು ಹೆಸರನ್ನು, ಕೆಲಸವನ್ನಲ್ಲ. ನೋಂದಣಿ ಇಲ್ಲದವರನ್ನು ‘ಅಸೋಸಿಯೇಟ್ ಆರ್ಕಿಟೆಕ್ಟ್’ ಎಂಬ ಹುದ್ದೆಯ ಹೆಸರಿನಲ್ಲಿ ಇಟ್ಟುಕೊಳ್ಳಬಾರದು, ಆದರೆ ಅದೇ ಕೆಲಸವನ್ನು ಬೇರೆ ಹೆಸರಿನ ಹುದ್ದೆಯಲ್ಲಿ ಮಾಡಿಸಬಹುದು.

‘ಡಾಕ್ಟರ್’ ಅಂತ ಬೋರ್ಡ್ ಹಾಕಬೇಡಿ, ಔಷಧಿ ಬೇಕಾದರೆ ಕೊಡಿ ಅಂದ ಹಾಗೆ ಇದು. ವೈದ್ಯರ ವಿಷಯದಲ್ಲಿ ಕಾನೂನು ಹೀಗೆ ಇಲ್ಲ. ಅಲ್ಲಿ ನೋಂದಣಿ ಇಲ್ಲದೆ ಚಿಕಿತ್ಸೆ ಕೊಡುವುದೇ ತಪ್ಪು. ವಕೀಲಿಕೆಯೂ ಹಾಗೆಯೇ. ಕಟ್ಟಡದ ಮಟ್ಟಿಗೆ ಮಾತ್ರ, ಯಾರು ಸಹಿ ಹಾಕಬಹುದು ಎಂಬುದನ್ನು ಆಯಾ ಊರಿನ ಪಾಲಿಕೆ ಮತ್ತು ರಾಜ್ಯದ ಕಟ್ಟಡ ನಿಯಮಗಳು ನಿರ್ಧರಿಸುತ್ತವೆ. ಅದಕ್ಕೇ ಒಂದೊಂದು ಊರಲ್ಲಿ ಒಂದೊಂದು ಪದ್ಧತಿ.

ಇನ್ನೂ ದೊಡ್ಡ ಕೊರತೆ ಇಂಜಿನಿಯರ್ ಕಡೆಯದು. ಕಟ್ಟಡ ನಿಲ್ಲುತ್ತದೋ ಇಲ್ಲವೋ ಎಂದು ಲೆಕ್ಕ ಹಾಕುವವರನ್ನು ನೋಂದಾಯಿಸಲು ಭಾರತದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಇಲ್ಲ. ಪಾಕಿಸ್ತಾನದಲ್ಲಿ 1976ರಿಂದ ಇದೆ. ನೇಪಾಳದಲ್ಲಿ 1999ರಲ್ಲಿ ಬಂತು. ಶ್ರೀಲಂಕಾದಲ್ಲಿ 2017ರಲ್ಲಿ ಬಂತು. ಆರ್ಕಿಟೆಕ್ಟರಿಗೆ ಇಷ್ಟು ಮುಂಚೆ ಕಾನೂನು ಮಾಡಿದ ದೇಶ ಇದನ್ನು ಇಷ್ಟು ವರ್ಷ ಬಾಕಿ ಇಟ್ಟಿದ್ದು ನನಗೆ ಸರಿ ಕಾಣುವುದಿಲ್ಲ.

ನೆರೆಯವರ ಪದ್ಧತಿ

ಪಾಕಿಸ್ತಾನದಲ್ಲಿ 1983ರ ಸುಗ್ರೀವಾಜ್ಞೆಯಿಂದ ಒಂದು ಮಂಡಳಿ ಹುಟ್ಟಿತು. ಆರ್ಕಿಟೆಕ್ಟರಿಗೂ ನಗರ ಯೋಜಕರಿಗೂ ಅದೊಂದೇ. ನೇಪಾಳದಲ್ಲಿ ಆರ್ಕಿಟೆಕ್ಟರಿಗೆ ಪ್ರತ್ಯೇಕ ಮಂಡಳಿ ಇಲ್ಲ, ಅವರು ಇಂಜಿನಿಯರಿಂಗ್ ಪರಿಷತ್ತಿನಲ್ಲೇ ಹೆಸರು ಬರೆಸಬೇಕು. ಬಾಂಗ್ಲಾದೇಶದಲ್ಲಿ 1972ರಲ್ಲಿ ಹುಟ್ಟಿದ ಆರ್ಕಿಟೆಕ್ಟರ ಸಂಸ್ಥೆಯ ಸದಸ್ಯತ್ವಕ್ಕೇ ಹೆಚ್ಚು ಬೆಲೆ. ಢಾಕಾದಲ್ಲಿ ನಕ್ಷೆಗೆ ಸಹಿ ಹಾಕುವವರು ಆ ಸದಸ್ಯತ್ವದ ಸಂಖ್ಯೆಯನ್ನೂ ಬರೆಯುತ್ತಾರೆ.

ಶ್ರೀಲಂಕಾ ಬ್ರಿಟಿಷ್ ಪದ್ಧತಿಗೆ ಹತ್ತಿರ. ಅಲ್ಲಿನ ಸಂಸ್ಥೆ 1957ರಷ್ಟು ಹಳೆಯದು, 1976ರಲ್ಲಿ ಅದಕ್ಕೆ ಕಾನೂನಿನ ಬಲ ಬಂತು. ಪದವಿ ಮುಗಿದ ಮೇಲೂ ಕೆಲಸದ ಅನುಭವ ಪಡೆದು, ವೃತ್ತಿ ಪರೀಕ್ಷೆ ಬರೆದು ಪಾಸಾದರೆ ಮಾತ್ರ ಪೂರ್ಣ ಆರ್ಕಿಟೆಕ್ಟ್. ಭಾರತದಲ್ಲಿ ಡಿಗ್ರಿ ಕೈಗೆ ಬಂದ ಕೂಡಲೇ ನೋಂದಣಿ ಸಿಗುತ್ತದೆ, ನಡುವೆ ಅಂಥ ಪರೀಕ್ಷೆ ಇಲ್ಲ. ಸಹಿಯ ತೂಕ ಜಾಸ್ತಿಯಾಗುತ್ತಿರುವ ಈ ಹೊತ್ತಿನಲ್ಲಿ ಈ ವ್ಯತ್ಯಾಸ ಗಮನಿಸಬೇಕಾದ್ದು.

ಹೊಸ ದೇಶಗಳು, ಹೊರಗಿನ ಆರ್ಕಿಟೆಕ್ಟರು

ಸ್ವಾತಂತ್ರ್ಯ ಬಂದಾಗ ಈ ದೇಶಗಳಿಗೆ ರಾಜಧಾನಿ, ವಿಶ್ವವಿದ್ಯಾಲಯ, ಸಂಸತ್ ಭವನ ಎಲ್ಲ ಬೇಕಿತ್ತು. ಓದಿದ ಆರ್ಕಿಟೆಕ್ಟರು ಕೈಬೆರಳೆಣಿಕೆಯಷ್ಟು. ಚಂಡೀಗಢಕ್ಕೆ ಫ್ರಾನ್ಸ್‌ನಿಂದ ಆರ್ಕಿಟೆಕ್ಟ್ ಲೆ ಕಾರ್ಬ್ಯೂಸಿಯೇ ಬಂದರು. ಇಸ್ಲಾಮಾಬಾದಿನ ಯೋಜನೆ ಮಾಡಿದ್ದು ಗ್ರೀಸ್‌ನ ಡಾಕ್ಸಿಯಾಡಿಸ್. ಢಾಕಾದ ಸಂಸತ್ ಭವನದ ಕೆಲಸ ಮೊದಲು ಬಂದಿದ್ದು ಅಲ್ಲಿನವರೇ ಆದ ಮುಝರುಲ್ ಇಸ್ಲಾಂ ಅವರ ಬಳಿ. ಅವರು ಅದನ್ನು ತಾವು ಇಟ್ಟುಕೊಳ್ಳದೆ, ದೊಡ್ಡ ಆರ್ಕಿಟೆಕ್ಟ್ ಒಬ್ಬರು ಬಂದರೆ ನಮ್ಮ ಹುಡುಗರು ನೋಡಿ ಕಲಿಯುತ್ತಾರೆ ಎಂದು ಅಮೆರಿಕದ ಲೂಯಿ ಕಾನ್ ಬರುವಂತೆ ಮಾಡಿದರು. ಢಾಕಾದ ಇಂಜಿನಿಯರಿಂಗ್ ವಿಶ್ವವಿದ್ಯಾಲಯದಲ್ಲಿ ಆರ್ಕಿಟೆಕ್ಚರ್ ವಿಭಾಗ ಶುರುವಾಗಿದ್ದೂ 1962ರಲ್ಲಿ, ಟೆಕ್ಸಾಸ್‌ನಿಂದ ಬಂದ ಅಧ್ಯಾಪಕರ ನೆರವಿನಿಂದ. ಇವತ್ತು ಬಾಂಗ್ಲಾದೇಶದ ಆರ್ಕಿಟೆಕ್ಟರ ಇಟ್ಟಿಗೆ ಕೆಲಸವನ್ನು ಜಗತ್ತು ಬಂದು ನೋಡುತ್ತಿದೆ.

ಢಾಕಾದ ಆ ಭವನ ಮುಗಿದಿದ್ದು 1982ರಲ್ಲಿ, ಕಾನ್ ತೀರಿಕೊಂಡು ಎಂಟು ವರ್ಷ ಆದ ಮೇಲೆ. ಅದೇ ವರ್ಷ ಶ್ರೀಲಂಕಾದ ಕೋಟ್ಟೆಯಲ್ಲಿ ಕೆರೆಯ ನಡುವೆ ಹೊಸ ಸಂಸತ್ ಭವನ ತೆರೆಯಿತು. ಅದನ್ನು ವಿನ್ಯಾಸ ಮಾಡಿದ್ದು ಅಲ್ಲಿನವರೇ ಆದ ಜೆಫ್ರಿ ಬಾವಾ. ಮೊದಲು ವಕೀಲರಾಗಿದ್ದು, ನಲವತ್ತರ ಹತ್ತಿರ ಆರ್ಕಿಟೆಕ್ಟ್ ಆದವರು.

ಇಲ್ಲಿ ನಮ್ಮ ಊರಿಗೂ ಒಂದು ನಂಟಿದೆ. ಶ್ರೀಲಂಕಾದ ಮೊದಲ ಮಹಿಳಾ ಆರ್ಕಿಟೆಕ್ಟ್ ಮಿನೆಟ್ ಡಿ ಸಿಲ್ವಾ. ಮುಂಬೈಯಲ್ಲಿ ಓದುವಾಗ ಸ್ವಾತಂತ್ರ್ಯ ಚಳವಳಿಯಲ್ಲಿ ಸೇರಿಕೊಂಡರು ಎಂದು ಕಾಲೇಜು ಅವರನ್ನು ಹೊರಹಾಕಿತು. ಆಮೇಲೆ ಅವರು ಕೆಲಸ ಮಾಡಿದ್ದು ಬೆಂಗಳೂರಿನಲ್ಲಿ, ಮೈಸೂರು ಸಂಸ್ಥಾನದ ಮುಖ್ಯ ಆರ್ಕಿಟೆಕ್ಟ್ ಆಗಿದ್ದ ಒಟ್ಟೊ ಕೊನಿಗ್ಸ್‌ಬರ್ಗರ್ ಅವರ ಬಳಿ. ಕೊನಿಗ್ಸ್‌ಬರ್ಗರ್ ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದವರು, ಐಐಎಸ್‌ಸಿಯ ಕೆಲವು ಕಟ್ಟಡಗಳು ಅವರವೇ. ಮಿನೆಟ್ ಊರಿಗೆ ಮರಳಿದ ಮೇಲೆ ಕ್ಯಾಂಡಿಯ ವಟಪುಲುವದಲ್ಲಿ ಸರ್ಕಾರಿ ನೌಕರರಿಗೆ ಬಡಾವಣೆ ಮಾಡಿದರು. ಅಲ್ಲಿಗೆ ಬರುವ ಕುಟುಂಬಗಳಿಗೆ ಮೊದಲೇ ಪ್ರಶ್ನೆಪಟ್ಟಿ ಕೊಟ್ಟು, ನಿಮ್ಮ ಮನೆ ಹೇಗಿರಬೇಕು ಎಂದು ಕೇಳಿ ನಕ್ಷೆ ಮಾಡಿದರು. 1950ರ ದಶಕದಲ್ಲಿ ಹೀಗೆ ಕೇಳಿದ್ದು ಸಣ್ಣ ಮಾತಲ್ಲ.

ಹಾಗಾದರೆ ಮನೆಗಳನ್ನು ಕಟ್ಟುತ್ತಿರುವವರು ಯಾರು?

ಸಂಸತ್ ಭವನಗಳ ಪಟ್ಟಿ ಓದಿದರೆ ವೃತ್ತಿ ಚೆನ್ನಾಗಿದೆ ಅನ್ನಿಸುತ್ತದೆ ಅಲ್ವಾ? ಬೀದಿಯಲ್ಲಿ ನಡೆದು ನೋಡಿದರೆ ಬೇರೆಯೇ ಕಾಣುತ್ತದೆ. ಈ ದೇಶಗಳಲ್ಲಿ ಮನೆ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಮೊದಲು ಕೆಳಗಿನ ಎರಡು ಕೋಣೆ. ಮಗಳ ಮದುವೆ ಆದ ಮೇಲೆ ಮೇಲೊಂದು ಮಹಡಿ. ತಾರಸಿಯ ಮೇಲೆ ಮುಂದಿನ ಪಿಲ್ಲರಿಗೆಂದು ಬಿಟ್ಟ ಕಂಬಿಗಳು ವರ್ಷಗಟ್ಟಲೆ ಮಳೆಗೆ ತುಕ್ಕು ಹಿಡಿಯುತ್ತಾ ನಿಂತಿರುತ್ತವೆ. ಹೀಗೆ ಬೆಳೆಯುವ ಮನೆಗೆ ಒಂದೇ ಬಾರಿ ಬಂದು ನಕ್ಷೆ ಕೊಟ್ಟು ಹೋಗುವ ಆರ್ಕಿಟೆಕ್ಟ್ ಹೊಂದುವುದಿಲ್ಲ. ಕೊಡಲು ಅಷ್ಟು ಹಣವೂ ಒಟ್ಟಿಗೆ ಇರುವುದಿಲ್ಲ.

ಕರಾಚಿಯ ಒರಂಗಿ ಪ್ರದೇಶದಲ್ಲಿ ಇದನ್ನು ಹತ್ತಿರದಿಂದ ನೋಡಿದವರಿದ್ದಾರೆ. 1980ರಲ್ಲಿ ಸಮಾಜ ಸೇವಕ ಅಖ್ತರ್ ಹಮೀದ್ ಖಾನ್ ಅಲ್ಲಿ ಒರಂಗಿ ಪೈಲಟ್ ಪ್ರಾಜೆಕ್ಟ್ ಶುರು ಮಾಡಿದರು. ಆರ್ಕಿಟೆಕ್ಟರಾದ ಆರಿಫ್ ಹಸನ್, ಪರ್ವೀನ್ ರೆಹಮಾನ್ ಜೊತೆಗೂಡಿದರು. ಗಲ್ಲಿಯ ಜನ ತಾವೇ ಹಣ ಹಾಕಿ ಮನೆ ಮುಂದಿನ ಒಳಚರಂಡಿ ಹಾಕಿಕೊಳ್ಳುವುದು, ಅದಕ್ಕೆ ಬೇಕಾದ ನಕ್ಷೆ, ಮಟ್ಟದ ಲೆಕ್ಕ, ಸಲಹೆಯನ್ನು ಸಂಸ್ಥೆ ಕೊಡುವುದು. ಹೀಗೆ ಒಂದು ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಚರಂಡಿ ಬಂತು.

ಮನೆಯ ವಿಷಯಕ್ಕೆ ಬಂದಾಗ ಅವರ ಕಣ್ಣಿಗೆ ಬಿದ್ದದ್ದು ‘ಥಲ್ಲಾ’. ಸಿಮೆಂಟ್ ಬ್ಲಾಕ್ ಮಾಡಿ ಮಾರುವ ಸಣ್ಣ ಯಾರ್ಡ್ ಅದು. ಥಲ್ಲಾದವನೇ ಬ್ಲಾಕ್ ಕೊಡುತ್ತಾನೆ, ಸಾಲ ಕೊಡುತ್ತಾನೆ, ಮನೆ ಹೇಗೆ ಕಟ್ಟಬೇಕು ಅಂತಲೂ ಹೇಳುತ್ತಾನೆ. ಬಡವರ ಪಾಲಿಗೆ ಬ್ಯಾಂಕು, ಅಂಗಡಿ, ಆರ್ಕಿಟೆಕ್ಟ್ ಎಲ್ಲ ಅವನೇ. ಅವನನ್ನು ದೂರ ಇಟ್ಟು ಏನೂ ಆಗುವುದಿಲ್ಲ ಎಂದು ಅರಿತು, ಸಂಸ್ಥೆಯವರು ಅವನ ಬ್ಲಾಕಿನ ಗುಣಮಟ್ಟ ಹೆಚ್ಚಿಸಲು ಯಂತ್ರ ಮತ್ತು ತರಬೇತಿಗೆ ನೆರವಾದರು. ಪರ್ವೀನ್ ರೆಹಮಾನ್ ಅವರನ್ನು 2013ರ ಮಾರ್ಚ್ 13ರಂದು ಕರಾಚಿಯಲ್ಲಿ ಗುಂಡಿಟ್ಟು ಕೊಂದರು. ಬಡ ಬಡಾವಣೆಗಳ ಜಾಗಗಳನ್ನು ಒಂದೊಂದಾಗಿ ನಕ್ಷೆಗೆ ಇಳಿಸಿ ದಾಖಲೆ ಮಾಡುತ್ತಿದ್ದವರು ಅವರು.

ಒಂದು ರಿಂಗಿನ ಕೊಕ್ಕೆ

ಓದಿದವರ ತಿಳಿವಳಿಕೆ ಮೇಸ್ತ್ರಿಯ ಕೈಗೆ ತಲುಪದಿದ್ದರೆ ಏನಾಗುತ್ತದೆ? ನೇಪಾಳದಿಂದ ಒಂದು ಸಣ್ಣ ವಿಷಯ ನೋಡೋಣ.

ಪಿಲ್ಲರಿನಲ್ಲಿ ಉದ್ದನೆಯ ಕಂಬಿಗಳಿರುತ್ತವೆ. ಅವನ್ನು ಕೆಲವು ಇಂಚಿಗೊಂದರಂತೆ ಸುತ್ತಿ ಹಿಡಿಯುವ ಸಣ್ಣ ಕಂಬಿಯೇ ರಿಂಗ್. ರಿಂಗಿನ ಎರಡು ತುದಿ ಒಂದು ಮೂಲೆಯಲ್ಲಿ ಸೇರುತ್ತವೆ. ಅಲ್ಲಿ ತುದಿಯನ್ನು ಸುಮ್ನೆ 90 ಡಿಗ್ರಿ ಬಗ್ಗಿಸಿ ಬಿಡುವುದು ಸುಲಭ. ಆದರೆ ಭೂಕಂಪದಲ್ಲಿ ಪಿಲ್ಲರ್ ಅಲುಗಾಡಿದಾಗ ಮೊದಲು ಉದುರುವುದು ಹೊರಗಿನ ಕಾಂಕ್ರೀಟ್ ಪದರ. ಆ ಪದರ ಹೋದರೆ 90 ಡಿಗ್ರಿಯ ತುದಿಯನ್ನು ಹಿಡಿಯಲು ಏನೂ ಇರುವುದಿಲ್ಲ. ರಿಂಗ್ ಬಿಚ್ಚಿಕೊಳ್ಳುತ್ತದೆ, ಒಳಗಿನ ಕಂಬಿಗಳು ಹೊರಕ್ಕೆ ಉಬ್ಬುತ್ತವೆ, ಪಿಲ್ಲರ್ ಜಜ್ಜಿಹೋಗುತ್ತದೆ. ಅದೇ ತುದಿಯನ್ನು 135 ಡಿಗ್ರಿ ಬಗ್ಗಿಸಿ ಪಿಲ್ಲರಿನ ಒಳಭಾಗಕ್ಕೆ ಕೊಕ್ಕೆಯ ಹಾಗೆ ತಿರುಗಿಸಿದರೆ, ಹೊರಗಿನ ಪದರ ಉದುರಿದರೂ ಹಿಡಿತ ತಪ್ಪುವುದಿಲ್ಲ. ರಿಂಗಿಗೆ ಕೆಲವು ಇಂಚು ಕಂಬಿ ಜಾಸ್ತಿ, ಜೊತೆಗೆ ಸ್ವಲ್ಪ ತಾಳ್ಮೆ. ಖರ್ಚು ಅಷ್ಟೇ. ಭಾರತದ ಭೂಕಂಪ ನಿಯಮಗಳೂ ಇದನ್ನೇ ಹೇಳುತ್ತವೆ.

ನೇಪಾಳದಲ್ಲಿ 1988ರ ಭೂಕಂಪದ ನಂತರ ಕಟ್ಟಡ ಸಂಹಿತೆ ತಯಾರಿಗೆ ಕೈಹಾಕಿದರು, 1994ರಲ್ಲಿ ಅದು ಸಿದ್ಧವಾಯಿತು. ಅದರಲ್ಲಿ ಒಂದು ಜಾಣತನ ಇತ್ತು. ಪ್ರತಿ ಮನೆಗೂ ಇಂಜಿನಿಯರ್ ಸಿಗುವುದಿಲ್ಲ ಎಂಬುದನ್ನು ಒಪ್ಪಿಕೊಂಡು, ಮೂರು ಮಹಡಿವರೆಗಿನ ಸಾಮಾನ್ಯ ಮನೆಗಳಿಗೆ ಮೊದಲೇ ಲೆಕ್ಕ ಹಾಕಿದ ಸಿದ್ಧ ಅಳತೆಗಳನ್ನು ಕೊಟ್ಟರು. ಪಿಲ್ಲರ್ ಇಷ್ಟು, ಕಂಬಿ ಇಷ್ಟು, ರಿಂಗ್ ಹೀಗೆ. ಆದರೆ ಅದು ಬಹಳ ಕಾಲ ಕಾಗದದಲ್ಲೇ ಉಳಿಯಿತು. ಲಲಿತಪುರ ಪಾಲಿಕೆ ಅದನ್ನು ಜಾರಿಗೆ ತಂದಿದ್ದು 2003ರಲ್ಲಿ, ಅದೇ ಮೊದಲು. 2015ರ ಏಪ್ರಿಲ್ 25ರಂದು 7.8 ತೀವ್ರತೆಯ ಭೂಕಂಪವಾದಾಗ ಸುಮಾರು 9,000 ಜನ ಸತ್ತರು. ಹತ್ತಿರ ಹತ್ತಿರ 5 ಲಕ್ಷ ಮನೆಗಳು ಪೂರ್ತಿ ಹಾಳಾದವು. ಹೆಚ್ಚಿನವು ಹಳ್ಳಿಗಳಲ್ಲಿ ಕಲ್ಲು ಮಣ್ಣಿನಲ್ಲಿ ಕಟ್ಟಿದ್ದವು.

ಮರು ನಿರ್ಮಾಣದಲ್ಲಿ ಪಾಠ ಕಲಿತರು. ಕುಟುಂಬಕ್ಕೆ 3 ಲಕ್ಷ ನೇಪಾಳಿ ರೂಪಾಯಿಯನ್ನು ಮೂರು ಕಂತಿನಲ್ಲಿ ಕೊಟ್ಟರು. ಪಾಯ ಸರಿ ಇದೆ ಎಂದು ಸರ್ಕಾರದ ಇಂಜಿನಿಯರ್ ನೋಡಿದ ಮೇಲೆ ಎರಡನೇ ಕಂತು, ಗೋಡೆ ನೋಡಿದ ಮೇಲೆ ಮೂರನೆಯದು. ಮೇಸ್ತ್ರಿಗಳಿಗೆ ದೊಡ್ಡ ಪ್ರಮಾಣದಲ್ಲಿ ತರಬೇತಿ ಸಿಕ್ಕಿತು. ಆರ್ಕಿಟೆಕ್ಟರು, ಇಂಜಿನಿಯರುಗಳು ನಕ್ಷೆ ಕೊಟ್ಟು ಹೋಗದೆ, ಬೆಟ್ಟ ಹತ್ತಿ ಹಳ್ಳಿಗೆ ಹೋಗಿ ಕಟ್ಟುವವನ ಪಕ್ಕದಲ್ಲಿ ನಿಂತರು.

ಸಹಿ ಇದ್ದರೂ ಕಟ್ಟಡ ಬೀಳುವುದು ಯಾಕೆ?

ಎಲ್ಲ ಕುಸಿತಕ್ಕೂ ಕಾರಣ ಸಹಿ ಇಲ್ಲದ್ದು ಅಲ್ಲ. ಢಾಕಾ ಬಳಿಯ ಸಾವರ್‌ನಲ್ಲಿ 2013ರ ಏಪ್ರಿಲ್ 24ರಂದು ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಆ ಕಟ್ಟಡವನ್ನು ವಿನ್ಯಾಸ ಮಾಡಿದ್ದು ಅಂಗಡಿ, ಕಚೇರಿಗಳಿಗೆ. ಬಂದು ಕೂತಿದ್ದು ಗಾರ್ಮೆಂಟ್ಸ್ ಕಾರ್ಖಾನೆಗಳು, ಅವುಗಳ ಯಂತ್ರ, ಜನರೇಟರು. ಅನುಮತಿ ಇದ್ದಿದ್ದಕ್ಕಿಂತ ಜಾಸ್ತಿ ಮಹಡಿಗಳನ್ನೂ ಏರಿಸಿದ್ದರು. ಹಿಂದಿನ ದಿನವೇ ಬಿರುಕು ಕಂಡಿತ್ತು, ಮರುದಿನ ಕಾರ್ಮಿಕರನ್ನು ಒಳಗೆ ಕಳಿಸಿದರು. ನಕ್ಷೆ ಮಾಡಿದವರು ಒಂದು ಕಟ್ಟಡ ಯೋಚಿಸಿದ್ದರು, ನಿಂತಿದ್ದು ಇನ್ನೊಂದು ಕಟ್ಟಡ. ಆಮೇಲೆ ವಿದೇಶಿ ಬ್ರ್ಯಾಂಡುಗಳು ಮತ್ತು ಕಾರ್ಮಿಕ ಸಂಘಗಳ ಒಪ್ಪಂದದಡಿ 1,600ಕ್ಕೂ ಹೆಚ್ಚು ಕಾರ್ಖಾನೆಗಳ ತಪಾಸಣೆ ನಡೆಯಿತು. ಈ ಸಲ ಇಂಜಿನಿಯರ್ ಕೊಟ್ಟ ವರದಿಗೆ ಬೆಲೆ ಬಂತು, ಯಾಕೆಂದರೆ ಸರಿಪಡಿಸದ ಕಾರ್ಖಾನೆಗೆ ಆರ್ಡರ್ ನಿಲ್ಲುತ್ತಿತ್ತು.

ನಮ್ಮ ಧಾರವಾಡದಲ್ಲಿ 2019ರ ಮಾರ್ಚ್ 19ರಂದು ಕಟ್ಟುತ್ತಿದ್ದ ಕಟ್ಟಡ ಬಿದ್ದು 19 ಜನ ಸತ್ತಿದ್ದನ್ನು ಮರೆಯುವ ಹಾಗಿಲ್ಲ. ಇಂಥ ಕಡೆ ಕೇಳಬೇಕಾದ ಪ್ರಶ್ನೆ ಒಂದೇ: ನಕ್ಷೆ ಮಂಜೂರಾದ ಮೇಲೆ ಕಟ್ಟಡ ನೋಡಲು ಯಾರು, ಎಷ್ಟು ಸಲ ಬಂದರು?

ದಾರಿ ಬದಲಿಸಿದವರು

ಪಾಕಿಸ್ತಾನದ ಮೊದಲ ಮಹಿಳಾ ಆರ್ಕಿಟೆಕ್ಟ್ ಯಾಸ್ಮಿನ್ ಲಾರಿ ಕರಾಚಿಯಲ್ಲಿ ದೊಡ್ಡ ದೊಡ್ಡ ಕಚೇರಿ ಕಟ್ಟಡಗಳನ್ನು ಮಾಡಿದವರು. 2000ದಲ್ಲಿ ವೃತ್ತಿಯಿಂದ ನಿವೃತ್ತರಾದರು. 2005ರ ಕಾಶ್ಮೀರ ಭೂಕಂಪದ ನಂತರ ಸಂತ್ರಸ್ತರ ನಡುವೆ ಹೋಗಿ ಸುಣ್ಣ, ಮಣ್ಣು, ಕಲ್ಲು, ಮರದಿಂದ ಮನೆ ಕಟ್ಟುವುದನ್ನು ಹೇಳಿಕೊಡಲು ಶುರು ಮಾಡಿದರು. ಸಿಂಧ್‌ನ ಪ್ರವಾಹದ ಹಳ್ಳಿಗಳಲ್ಲಿ ಅವರ ಎಂಟು ಮೂಲೆಯ ಬಿದಿರಿನ ಗುಡಿಸಲನ್ನು ಹಳ್ಳಿಯ ಹೆಂಗಸರೇ ಕಟ್ಟುತ್ತಾರೆ. ಮಣ್ಣಿಗೆ ಸುಣ್ಣ ಬೆರೆಸುವುದು ನೀರಿಗೆ ಅದು ಕರಗಬಾರದೆಂದು. 2023ರಲ್ಲಿ ಆರ್ಕಿಟೆಕ್ಟರಿಗೆ ಕೊಡುವ ಬ್ರಿಟನ್ನಿನ ರಾಯಲ್ ಗೋಲ್ಡ್ ಮೆಡಲ್ ಅವರಿಗೆ ಬಂತು.

ಬಾಂಗ್ಲಾದೇಶದ ಮರೀನಾ ತಬಸ್ಸುಮ್ ಢಾಕಾದಲ್ಲಿ ಕಟ್ಟಿದ ಬೈತುರ್ ರೌಫ್ ಮಸೀದಿಗೆ 2016ರಲ್ಲಿ ಆರ್ಕಿಟೆಕ್ಚರಿಗೆ ಕೊಡುವ ಆಗಾ ಖಾನ್ ಪ್ರಶಸ್ತಿ ಬಂದಿತ್ತು. ಆಮೇಲೆ ಅವರು ಕೈಹಾಕಿದ್ದು ನದಿಯ ಮರಳು ದಿಬ್ಬಗಳ ಮೇಲೆ ಬದುಕುವವರ ಮನೆಗೆ. ದಿಬ್ಬ ಕೊಚ್ಚಿಹೋದರೆ ಮನೆಯನ್ನೇ ಬಿಚ್ಚಿಕೊಂಡು ಬೇರೆ ಕಡೆ ಹೋಗಬೇಕು. ಅವರ ‘ಖುದಿ ಬಾರಿ’ ಬಿದಿರು ಮತ್ತು ಉಕ್ಕಿನ ಕೀಲುಗಳಿಂದ ಆದ ಎರಡು ಅಂತಸ್ತಿನ ಪುಟ್ಟ ಮನೆ. ನೀರು ಬಂದಾಗ ಮೇಲೆ ಹತ್ತಬಹುದು, ಬೇಕೆಂದಾಗ ಬಿಚ್ಚಬಹುದು. 2025ರಲ್ಲಿ ಅದಕ್ಕೂ ಅದೇ ಪ್ರಶಸ್ತಿ ಬಂತು.

ನಮ್ಮವರೇ ಆದ ಬಾಲಕೃಷ್ಣ ದೋಶಿ ಇಂದೋರಿನ ‘ಅರಣ್ಯ’ ಎಂಬ ಬಡಾವಣೆಯಲ್ಲಿ ಇನ್ನೊಂದು ದಾರಿ ಹಿಡಿದರು. ಬಡವರಿಗೆ ಇಡೀ ಮನೆ ಕಟ್ಟಿಕೊಡದೆ, ಸೈಟು, ನೀರು, ಶೌಚಾಲಯದ ಒಂದು ಮೂಲ ಭಾಗ ಕೊಟ್ಟರು. ಹೇಗೆಲ್ಲ ಬೆಳೆಸಬಹುದು ಎಂದು ತೋರಿಸಲು 80 ಮಾದರಿ ಮನೆ ಕಟ್ಟಿದರು. ಉಳಿದದ್ದನ್ನು ಜನ ತಮ್ಮ ಕೈಯಲ್ಲಿ ಹಣ ಓಡಾಡಿದ ಹಾಗೆ ಕಟ್ಟಿಕೊಂಡರು. ಬನ್ನೇರುಘಟ್ಟ ರಸ್ತೆಯ ಐಐಎಂನ ಕಲ್ಲಿನ ಕಟ್ಟಡಗಳನ್ನು ಮಾಡಿದವರೂ ಅದೇ ದೋಶಿ.

ನನಗೆ ಈ ವೃತ್ತಿಯ ಬಲ ಕಾಣುವುದು ಇಲ್ಲಿ. ಈ ಮೂವರೂ, ಜನ ಹೇಗೆ ಕಟ್ಟುತ್ತಾರೋ ಅಲ್ಲಿಂದಲೇ ಶುರು ಮಾಡಿದರು.

ಹೊಸಬರ ಪಾಡು

ಭಾರತದಲ್ಲಿ ಆರ್ಕಿಟೆಕ್ಚರ್ ಕಾಲೇಜುಗಳು ನೂರಾರು. ಓದು ಐದು ವರ್ಷ, ಮೊದಲ ಕೆಲಸದ ಸಂಬಳ ಕಡಿಮೆ. ಹಾಗಾಗಿ ಬಹಳ ಹುಡುಗ ಹುಡುಗಿಯರು ಇಂಟೀರಿಯರ್ ಕಡೆಗೋ, ವಿದೇಶಿ ಕಂಪನಿಗಳಿಗೆ ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡಿಕೊಡುವ ಕಡೆಗೋ ಹೋಗುತ್ತಾರೆ. ಶ್ರೀಲಂಕಾದಲ್ಲಿ 2022ರ ಆರ್ಥಿಕ ಕುಸಿತದಲ್ಲಿ ಸಿಮೆಂಟು, ಕಬ್ಬಿಣದ ಬೆಲೆ ಏರಿ ಕಟ್ಟಡಗಳು ಅರ್ಧಕ್ಕೆ ನಿಂತವು. ಅಲ್ಲಿನವರು, ನೇಪಾಳದವರು ಗಲ್ಫ್, ಆಸ್ಟ್ರೇಲಿಯಾ ಕಡೆ ನೋಡುತ್ತಾರೆ.

ಒಂದು ದೇಶದ ನೋಂದಣಿಯಿಂದ ಪಕ್ಕದ ದೇಶದಲ್ಲಿ ಸಹಿ ಹಾಕಲಾಗುವುದಿಲ್ಲ. 1991ರಲ್ಲಿ ಹುಟ್ಟಿದ ದಕ್ಷಿಣ ಏಷ್ಯಾ ಆರ್ಕಿಟೆಕ್ಟರ ಒಕ್ಕೂಟ ಸಮ್ಮೇಳನ ನಡೆಸುತ್ತದೆ, ಎಲ್ಲ ಕಡೆ ನಡೆಯುವ ಒಂದೇ ಪರವಾನಗಿ ಇನ್ನೂ ಇಲ್ಲ.

ಮನೆ ಕಟ್ಟಿಸುವ ಮುಂಚೆ

ನಿಮ್ಮ ನಕ್ಷೆ ಮಾಡುವವರು ಆರ್ಕಿಟೆಕ್ಟ್ ಅಂದರೆ ಅವರ ನೋಂದಣಿ ಸಂಖ್ಯೆ ಕೇಳಿ. ಅದು ‘ಸಿಎ’ ಎಂದು ಶುರುವಾಗಿ, ನಂತರ ವರ್ಷ, ನಂತರ ಸಂಖ್ಯೆ ಇರುತ್ತದೆ. ಕೌನ್ಸಿಲ್‌ನ ಜಾಲತಾಣದಲ್ಲಿ ಹೆಸರು ಹಾಕಿ ನೋಡಬಹುದು. ಕೇಳಿದ್ದಕ್ಕೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಮಾಡಿಕೊಳ್ಳಬಾರದು.

ಪಿಲ್ಲರ್, ಕಂಬಿಯ ಲೆಕ್ಕ ಯಾರು ಹಾಕುತ್ತಾರೆ ಎಂದು ಬೇರೆಯಾಗಿ ಕೇಳಿ, ಆ ಡ್ರಾಯಿಂಗಿನ ಒಂದು ಪ್ರತಿ ಸೈಟಿನಲ್ಲಿ ಇರಲಿ. ಮುಂದೆ ಮಹಡಿ ಏರಿಸುವ ಆಸೆ ಇದ್ದರೆ ಪಾಯ ತೋಡುವ ಮುಂಚೆಯೇ ಹೇಳಿಬಿಡಿ, ಲೆಕ್ಕ ಅಲ್ಲಿಂದಲೇ ಬದಲಾಗುತ್ತದೆ. ಫೀಸು ಮಾತಾಡುವಾಗ, ಎಷ್ಟು ಸಲ ಸೈಟಿಗೆ ಬರುತ್ತಾರೆ ಎಂಬುದನ್ನೂ ಬರೆಸಿಕೊಳ್ಳಿ. ಕನಿಷ್ಠ ಪಾಯದ ಕಂಬಿ ಕಟ್ಟಿದಾಗ, ಪಿಲ್ಲರಿನ ರಿಂಗ್ ಹಾಕಿದಾಗ ಮತ್ತು ತಾರಸಿಗೆ ಕಾಂಕ್ರೀಟ್ ಸುರಿಯುವ ಹಿಂದಿನ ದಿನ ಅವರು ಬಂದು ನೋಡಲೇಬೇಕು. ಕಾಂಕ್ರೀಟ್ ಬಿದ್ದ ಮೇಲೆ ಒಳಗಿನ ಕಂಬಿ ಯಾರ ಕಣ್ಣಿಗೂ ಕಾಣುವುದಿಲ್ಲ.